ನ್ಯೂಸ್‌ಗ್ರೂಪ್ ಓದಲು ಯಾವ ಸಾಫ್ಟ್‌ವೇರ್ ಹಾಕಬೇಕು?

ಪ್ರಶ್ನೆ: ನಾನು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ರೂಮ್ ಉಡುಪಿಯಲ್ಲಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಸುದ್ದಿ ಬಂದದ್ದು ಒಂದು ನ್ಯೂಸ್‌ಗ್ರೂಪಿನಲ್ಲಿ ಅಂತ ನಮ್ಮ ಸರ್ ಹೇಳಿದ್ರು. ಗೂಗಲ್ ಗ್ರೂಪ್ಸ್‌ನಲ್ಲಿ ಹುಡುಕಿದರೆ ಹಳೆಯದು ಮಾತ್ರ ಸಿಗ್ತದೆ, ಬರೆಯಲಿಕ್ಕೆ ಆಗುವುದಿಲ್ಲ. ಈಗಲೂ ಅದು ಉಂಟಾ? ಯಾವ ಸಾಫ್ಟ್‌ವೇರ್ ಬೇಕು? ಮೊಬೈಲ್‌ನಲ್ಲಿ ಆಗ್ತದಾ?

ಉತ್ತರ: ಉಂಟು. ನ್ಯೂಸ್‌ಗ್ರೂಪ್ ಅಂದರೆ ಒಂದೊಂದು ವಿಷಯದ ಬಗ್ಗೆ ಜನ ಬರೆದು ಚರ್ಚಿಸುವ ಗುಂಪು, ಇಂಥ ಗುಂಪುಗಳ ಜಾಲಕ್ಕೆ ಯೂಸ್‌ನೆಟ್ ಅಂತ ಹೆಸರು. ನಿಮ್ಮ ಸರ್ ಹೇಳಿದ್ದೂ ಸರಿ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಆ ಸುದ್ದಿ ಹಾಕಿದ್ದು 'ಕಾಂಪ್.ಓಎಸ್.ಮಿನಿಕ್ಸ್' ಎಂಬ ಗುಂಪಿನಲ್ಲಿ. ಗೂಗಲ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಬರಹಗಳನ್ನು ತರಿಸುವುದನ್ನೂ ಕಳಿಸುವುದನ್ನೂ ನಿಲ್ಲಿಸಿತು. ಹಾಗಾಗಿ ನಿಮಗೆ ಅಲ್ಲಿ ಹಳೆಯದು ಮಾತ್ರ ಕಾಣುತ್ತಿದೆ.

ಆದರೂ ಗುಂಪುಗಳು ಉಳಿದವು. ಯಾಕೆಂದರೆ ಯೂಸ್‌ನೆಟ್‌ಗೆ ಒಡೆಯ ಅಂತ ಯಾರೂ ಇಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಇದನ್ನು ಯೋಚಿಸಿದಾಗಿನಿಂದಲೂ ಕ್ರಮ ಒಂದೇ. ನೀವು ಒಂದು ಸರ್ವರ್‌ಗೆ, ಅಂದರೆ ಬರಹಗಳನ್ನು ಇಟ್ಟುಕೊಂಡು ಹಂಚುವ ಕಂಪ್ಯೂಟರ್‌ಗೆ, ಬರೆಯುತ್ತೀರಿ, ಅದು ತನ್ನ ಜೊತೆಯ ಸರ್ವರ್‌ಗಳಿಗೆ ದಾಟಿಸುತ್ತದೆ, ಅವು ಮುಂದಕ್ಕೆ ದಾಟಿಸುತ್ತವೆ. ಎಲ್ಲ ಕಡೆ ಒಂದೊಂದು ಪ್ರತಿ. ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರಲ್ಲಿ ಓದಬಹುದು. ಇಂಥ ವ್ಯವಸ್ಥೆ ಇವತ್ತು ಎಷ್ಟು ಅಪರೂಪ, ಅಲ್ವಾ? ಹೊಸಬರು ಬರಬೇಕು ಅಂತ ನಾನು ಬಯಸುವುದು ಅದಕ್ಕೇ.

ಈಗ ನಿಮ್ಮ ಪ್ರಶ್ನೆ. ಸಾಫ್ಟ್‌ವೇರ್‌ಗಿಂತ ಮೊದಲು ಬೇಕಾದ್ದು ಸರ್ವರ್. ನಮ್ಮ ಇಂಟರ್ನೆಟ್ ಕನೆಕ್ಷನ್ ಜೊತೆ ಅದು ತಾನಾಗಿ ಬರುವುದಿಲ್ಲ. 'ಎಟರ್ನಲ್ ಸೆಪ್ಟೆಂಬರ್' ಎಂಬ ಸರ್ವರ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ಬರೀ ಬರಹದ ಗುಂಪುಗಳು ಮಾತ್ರ ಇರುತ್ತವೆ. ದುಡ್ಡು ಕೇಳುವ ಸರ್ವರ್‌ಗಳು ಹೆಚ್ಚಾಗಿ ದೊಡ್ಡ ದೊಡ್ಡ ಫೈಲ್ ಇಳಿಸಿಕೊಳ್ಳುವವರಿಗಾಗಿ ಇರುವಂಥವು. ಮಾತುಕತೆ ಓದಲು ಅದು ಬೇಡ.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಹಾಕಿಕೊಳ್ಳಿ, ಅದು ಇಮೇಲ್ ಜೊತೆ ನ್ಯೂಸ್‌ಗ್ರೂಪನ್ನೂ ಓದಿಸುವ ಸಾಫ್ಟ್‌ವೇರ್. ಲಿನಕ್ಸ್ ಇದ್ದರೆ 'ಪ್ಯಾನ್' ಕೂಡ ಒಳ್ಳೆಯದು, ಟರ್ಮಿನಲ್ (ಬರೀ ಅಕ್ಷರದ ಕಿಟಕಿ) ಇಷ್ಟಪಡುವವರಿಗೆ 'ಎಸ್ಎಲ್ಆರ್‌ಎನ್' ಇದೆ. ಆದರೆ ಶುರು ಮಾಡುವವರಿಗೆ ನಾನು ಥಂಡರ್‌ಬರ್ಡನ್ನೇ ಹೇಳುತ್ತೇನೆ. ಅದರ ಆಂಡ್ರಾಯ್ಡ್ ಆ್ಯಪ್‌ನಲ್ಲಿ ನ್ಯೂಸ್‌ಗ್ರೂಪ್ ಸೌಲಭ್ಯ ಇಲ್ಲ, ಹಾಗಾಗಿ ಮೊಬೈಲ್ ಸದ್ಯಕ್ಕೆ ಬಿಡಿ.

ಲ್ಯಾಪ್‌ಟಾಪ್‌ನ ಥಂಡರ್‌ಬರ್ಡ್‌ನಲ್ಲಿ ನ್ಯೂಸ್‌ಗ್ರೂಪ್ ಅಕೌಂಟ್ ಸೇರಿಸಿ, ಸರ್ವರ್ ವಿಳಾಸ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಸ್‌ಎಲ್ (ಸಂಪರ್ಕವನ್ನು ಗುಟ್ಟಾಗಿಡುವ ಕ್ರಮ) ಆರಿಸಿ, ಪೋರ್ಟ್ 563 ಹಾಕಿ. ಲಾಗಿನ್ ಕೇಳುವ ಆಯ್ಕೆಗೆ ಟಿಕ್ ಮಾಡುವುದನ್ನು ಮರೆಯಬೇಡಿ. ಇಮೇಲ್ ಕೇಳಿದ ಕಡೆ ನಿಜವಾದ ವಿಳಾಸ ಬೇಡ. ಅದು ಪ್ರತಿ ಬರಹದ ತಲೆಯಲ್ಲೂ ಎಲ್ಲರಿಗೂ ಕಾಣುತ್ತದೆ, ಸ್ಪ್ಯಾಮ್ ಕಳಿಸುವವರು ಹೆಕ್ಕಿಕೊಳ್ಳುತ್ತಾರೆ. ಕೊನೆಯಲ್ಲಿ 'ಡಾಟ್ ಇನ್‌ವ್ಯಾಲಿಡ್' ಬರುವಂಥ ವಿಳಾಸ ಕೊಡಿ. ಯಾರಿಗೂ ಸಿಗದ ವಿಳಾಸಗಳಿಗೆ ಅಂತಲೇ ಆ ಕೊನೆಯನ್ನು ಮೀಸಲಿಟ್ಟಿದ್ದಾರೆ.

ಸಬ್‌ಸ್ಕ್ರೈಬ್ ಒತ್ತಿದರೆ ಗುಂಪುಗಳ ಉದ್ದ ಪಟ್ಟಿ ಬರುತ್ತದೆ. ಹೆದರಬೇಡಿ. ಹೆಸರಿನ ಮೊದಲ ಭಾಗವೇ ದಾರಿ ತೋರಿಸುತ್ತದೆ. 'ಕಾಂಪ್' ಅಂದರೆ ಕಂಪ್ಯೂಟರ್, 'ಸೈ' ಅಂದರೆ ವಿಜ್ಞಾನ, 'ರೆಕ್' ಅಂದರೆ ಹವ್ಯಾಸ. ನಿಮಗೆ 'ಕಾಂಪ್.ಲ್ಯಾಂಗ್.ಸಿ' ಸರಿಹೊಂದುತ್ತದೆ, ಅಲ್ಲಿ ಈಗಲೂ ಚರ್ಚೆ ಜೋರಾಗಿದೆ. ಎಷ್ಟೋ ಗುಂಪುಗಳಲ್ಲಿ ಹೆಸರು ಮಾತ್ರ ಉಳಿದಿದೆ, ಒಳಗೆ ಬರೀ ಸ್ಪ್ಯಾಮ್. ಸೇರುವಾಗ ಕೊನೆಯ ಬರಹಗಳ ತಾರೀಕು ನೋಡಿ. ಎರಡು ಮೂರು ಗುಂಪು ಸಾಕು.

ಮೊದಲ ಸಲ ಗುಂಪು ತೆರೆದಾಗ ಐನೂರಕ್ಕಿಂತ ಜಾಸ್ತಿ ಬರಹ ಇದ್ದರೆ ಥಂಡರ್‌ಬರ್ಡ್ 'ಎಲ್ಲ ಬೇಕಾ' ಅಂತ ಕೇಳುತ್ತದೆ. ಐನೂರೇ ಇರಲಿ.

ನಮ್ಮ ಕಡೆಯವರಿಗೆ ನಿಜಕ್ಕೂ ಉಪಯೋಗವಾಗುವ ಒಂದು ಸೌಲಭ್ಯ ಇದೆ. ಜೂನ್, ಜುಲೈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ನೆಟ್ ಯಾವಾಗ ಬರುತ್ತದೆ ಹೇಳಲಿಕ್ಕಾಗದು. ಗುಂಪಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಆಫ್‌ಲೈನ್ ಬಳಕೆಗೆ ಆರಿಸಿಕೊಳ್ಳಿ. ನೆಟ್ ಇರುವಾಗಲೇ ಬರಹಗಳು ಪೂರ್ತಿ ಇಳಿಯುತ್ತವೆ. ಬರೀ ಅಕ್ಷರ, ಹಾಗಾಗಿ ಡೇಟಾ ಹೆಚ್ಚು ತಿನ್ನುವುದಿಲ್ಲ. ನೆಟ್ ಹೋದ ಮೇಲೂ ಓದಿ, ಉತ್ತರ ಬರೆದಿಡಿ, ಬಂದಾಗ ಕಳಿಸಿ. ಮೊದಲಿನಿಂದಲೂ ಇದು ಆತುರವಿಲ್ಲದೆ ಬರೆಯುವವರ ಜಾಗ.

ಬರೆಯುವ ಮುಂಚೆ ಕೆಲವು ದಿನ ಸುಮ್ನೆ ಓದಿ. ಉತ್ತರ ಕೊಡುವಾಗ ಎದುರಿನವರ ಮಾತಿನಲ್ಲಿ ಬೇಕಾದಷ್ಟು ಸಾಲು ಮಾತ್ರ ಇಟ್ಟುಕೊಂಡು, ಅದರ ಕೆಳಗೆ ನಿಮ್ಮ ಮಾತು ಬರೆಯಿರಿ. ಇಡೀ ಪತ್ರದ ಮೇಲೆ ಒಂದು ಸಾಲು ಹಾಕಿ ಕಳಿಸಿದರೆ ಹಳಬರಿಗೆ ಬೇಸರವಾಗುತ್ತದೆ. ಕಳಿಸಿದ್ದನ್ನು ಅಳಿಸಬಹುದು ಅಂತಲೂ ನಂಬಬೇಡಿ. ಪ್ರತಿಗಳು ಅಷ್ಟು ಹೊತ್ತಿಗೆ ಬೇರೆ ದೇಶಗಳ ಸರ್ವರ್‌ಗಳಲ್ಲಿ ಇರುತ್ತವೆ. ಸೆಟ್ಟಿಂಗ್ ಸರಿ ಉಂಟಾ ಅಂತ ನೋಡಲು 'ಮಿಸ್ಕ್.ಟೆಸ್ಟ್' ಗುಂಪು ಇದೆ, ನಿಮ್ಮ ಮೊದಲ ಬರಹ ಅಲ್ಲಿಗೇ ಹೋಗಲಿ. ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್ ಅಕ್ಷರ ಥಂಡರ್‌ಬರ್ಡ್‌ನಲ್ಲಿ ಸರಿಯಾಗಿ ಹೋಗುತ್ತದೆ.