ಅಪ್ಪ ಆದಮೇಲೆ ಗ್ಯಾಜೆಟ್ ಹುಚ್ಚು ಬಿಡಬೇಕಾ?

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ನನಗೆ ಮೊದಲಿನಿಂದಲೂ ಗ್ಯಾಜೆಟ್ ಅಂದರೆ ಪ್ರಾಣ. ಈಗ ಆಫೀಸು ಮುಗಿಸಿ ಬಂದರೆ ಮಗು, ಮಗು ಮಲಗಿದರೆ ನಿದ್ದೆ. ಮಧ್ಯೆ ಫೋನ್ ಹಿಡಿದರೆ ಬೈಗುಳ. ಒಳ್ಳೆ ಅಪ್ಪ ಆಗೋಕೆ ಇದನ್ನೆಲ್ಲ ಬಿಡಲೇಬೇಕಾ? ಬಿಟ್ಟರೆ ನನಗೆ ಅಂತ ಉಳಿಯೋದೇನು?

ಉತ್ತರ: ಬಿಡಬೇಕಿಲ್ಲ. ಆದರೆ ಫೋನನ್ನೂ ಉಳಿದ ಗ್ಯಾಜೆಟ್‌ಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇದು ನನಗೆ ಗೊತ್ತಾಗಿದ್ದು ಒಂದು ಕರಡಿ ಬೊಂಬೆಯಿಂದ.

ನನ್ನ ಮಗಳಿಗೆ ಆಗ ಮೂರು ದಾಟಿತ್ತು. ಮನೆಯಾಟ ಆಡುತ್ತಿದ್ದಳು. ಅಮ್ಮ ಅವಳೇ, ಪುಟ್ಟ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದಳು. ಅಪ್ಪನ ಪಾತ್ರ ಕರಡಿಗೆ. ಅದನ್ನು ಗೋಡೆಗೆ ಒರಗಿಸಿ, ತೊಡೆ ಮೇಲೆ ಕೆಟ್ಟುಹೋದ ಟಿವಿ ರಿಮೋಟ್ ಇಟ್ಟಿದ್ದಳು. 'ಅಪ್ಪ ಏನು ಮಾಡ್ತಿದ್ದಾರೆ?' ಅಂತ ಕೇಳಿದೆ. 'ಏನೂ ಇಲ್ಲ, ಸುಮ್ನೆ ಕೂತಿದ್ದಾರೆ' ಅಂದಳು.

ನನಗೆ ಸಿಟ್ಟೇ ಬಂತು. ನಾನೆಲ್ಲಿ ಸುಮ್ನೆ ಕೂತಿದ್ದೆ? ಕರೆಂಟ್ ಬಿಲ್ ಕಟ್ಟಿದ್ದು ಯಾರು, ಅಜ್ಜಿಗೆ ಮಾತ್ರೆ ತರಿಸಿದ್ದು ಯಾರು, ಊರಿಗೆ ಬಸ್ ಟಿಕೆಟ್ ಮಾಡಿಸಿದ್ದು ಯಾರು? ಎಲ್ಲ ಫೋನಿನಲ್ಲೇ. (ನಡುನಡುವೆ ಹೆಡ್‌ಫೋನ್ ರಿವ್ಯೂ ನೋಡಿದ್ದೂ ನಿಜ, ಬಿಡಿ.) ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮಪ್ಪ ಬಿಲ್ ಕಟ್ಟೋಕೆ ಹೊರಟರೆ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಸೈಕಲ್ ಬಾರ್ ಮೇಲೆ ಹತ್ತಿ ಕೂರುತ್ತಿದ್ದೆ, ಕ್ಯೂನಲ್ಲಿ ಜೊತೆಗೆ ನಿಲ್ಲುತ್ತಿದ್ದೆ. ಅವರು ರೇಡಿಯೋ ಹಾಕಿದರೆ ನನಗೂ ಕೇಳುತ್ತಿತ್ತು. ಫೋನ್ ಈ ಎಲ್ಲ ಕೆಲಸಗಳಿಗೂ ಒಂದೇ ವೇಷ ಹಾಕಿಬಿಟ್ಟಿದೆ. ಬಗ್ಗಿದ ಕತ್ತು, ಓಡುವ ಹೆಬ್ಬೆರಳು, ಕಳೆಯಿಲ್ಲದ ಮುಖ. ಬಿಲ್ ಕಟ್ಟಿದರೂ ಅದೇ, ರೀಲ್ಸ್ ನೋಡಿದರೂ ಅದೇ. ಮಗುವಿಗೆ ವ್ಯತ್ಯಾಸ ಗೊತ್ತಾಗೋದಾದರೂ ಹೇಗೆ?

ಆ ಕಳೆಯಿಲ್ಲದ ಮುಖವೇ ಮಕ್ಕಳಿಗೆ ಕಷ್ಟ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನ ಜೊತೆ ನಗುನಗುತ್ತಾ ಆಡುತ್ತಾಳೆ. ಆಮೇಲೆ ಕೆಲವೇ ನಿಮಿಷ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುತ್ತಾಳೆ. ಕೂಸು ಮೊದಲು ನಕ್ಕು ಕರೆಯುತ್ತದೆ, ಕೈ ಚಾಚುತ್ತದೆ. ಏನು ಮಾಡಿದರೂ ಉತ್ತರ ಬಾರದಿದ್ದಾಗ ಮುಖ ತಿರುಗಿಸುತ್ತದೆ, ಅಳುತ್ತದೆ. ಆಗಿನ್ನೂ ಯಾರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ, ನೆನಪಿರಲಿ. ಒಂದು ಸಮಾಧಾನ ಏನೆಂದರೆ, ತಾಯಿ ಮತ್ತೆ ಮಾತಾಡಿಸಿದಾಗ ಕೂಸು ಮೆಲ್ಲಗೆ ಸರಿಹೋಗುತ್ತದೆ.

ಹಾಗಾಗಿ ಫೋನ್ ಮುಟ್ಟಿದ್ದಕ್ಕೆಲ್ಲ ಅಪರಾಧಿ ಥರ ಕೂರಬೇಡಿ. ಮುಟ್ಟಲೇಬೇಕಾದಾಗ ಬಾಯಿಬಿಟ್ಟು ಹೇಳಿ: 'ಗ್ಯಾಸ್ ಬುಕ್ ಮಾಡ್ತೀನಿ, ಇಗೋ, ಆಯ್ತು.' ಇದರಿಂದ ಇನ್ನೊಂದು ಲಾಭವೂ ಇದೆ. 'ಗುರುತು ಪರಿಚಯ ಇಲ್ಲದವನ ಜೊತೆ ಕ್ರಿಕೆಟ್ ವಿಷಯಕ್ಕೆ ಜಗಳ ಆಡ್ತಿದ್ದೀನಿ ಪುಟ್ಟಿ' ಅಂತ ಹೇಳೋಕೆ ಬಾಯಿ ಬರೋದಿಲ್ಲ. ಫೋನ್ ತಾನಾಗೇ ಕೆಳಗಿಳಿಯುತ್ತದೆ.

ಕ್ಯಾಮೆರಾ, ಟೆಲಿಸ್ಕೋಪ್, ಹಳೇ ರೇಡಿಯೋ, ಸ್ಕ್ರೂಡ್ರೈವರ್ ಸೆಟ್ಟು, ಇವುಗಳ ಕಥೆ ಬೇರೆ. ಇಲ್ಲಿ ಅಪ್ಪ ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ. ಒಂದು ಭಾನುವಾರ ನಮ್ಮ ಮಿಕ್ಸಿ ಚಟ್ನಿ ಮಧ್ಯದಲ್ಲೇ ಕೈಕೊಟ್ಟಿತು. ಅಡಿಯಲ್ಲಿರುವ ಕೆಂಪು ಬಟನ್ ಒತ್ತಿದೆ. ಲೋಡ್ ಜಾಸ್ತಿಯಾದರೆ ಅದು ಹೊರಗೆ ಬರುತ್ತದೆ, ಎಷ್ಟೋ ಮಿಕ್ಸಿಗಳು ಅಷ್ಟಕ್ಕೇ ಸರಿಹೋಗುತ್ತವೆ. ನಮ್ಮದು ಜಪ್ಪಯ್ಯ ಅನ್ನಲಿಲ್ಲ. ಪ್ಲಗ್ ಕಿತ್ತು, ತಲೆಕೆಳಗು ಮಾಡಿ ಬಿಚ್ಚಿದೆ. ಮಗಳ ಕೈಗೆ ಸ್ಟೀಲ್ ಬಟ್ಟಲು ಕೊಟ್ಟು 'ನೀನೇ ಸ್ಕ್ರೂ ಮ್ಯಾನೇಜರ್' ಅಂದೆ. ಒಂದೊಂದು ಬಿದ್ದಾಗಲೂ ಟಣ್ ಅಂತ ಸದ್ದು, ಅವಳ ಎಣಿಕೆ: ಒಂದು, ಎರಡು, ಐದು. ಮೋಟಾರಿನ ಎರಡು ಪಕ್ಕದಲ್ಲೂ ಕಾರ್ಬನ್ ಬ್ರಶ್ ಇರುತ್ತವೆ. ಹೆಸರಿಗೆ ಬ್ರಶ್, ನೋಡೋಕೆ ಸಣ್ಣ ಕಪ್ಪು ತುಂಡು, ಹಿಂದೊಂದು ಸ್ಪ್ರಿಂಗು. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸೋದು ಅವೇ. ನಮ್ಮವು ಸವೆದು ಗಿಡ್ಡವಾಗಿದ್ದವು. ಹೊಸ ಜೋಡಿ ತರೋಕೆ ಮಾರನೇ ದಿನ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಅವಳು ಹಳೇ ತುಂಡಿನಿಂದ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದು 'ಅಪ್ಪಾ, ಇದು ಪೆನ್ಸಿಲ್!' ಅಂತ ಕೂಗಿದಳು. ಸರಿಯಾಗೇ ಹೇಳಿದ್ದಳು. ಎರಡರಲ್ಲೂ ಇರುವುದು ಗ್ರಾಫೈಟೇ.

ನಿಮ್ಮ ಮಗಳು ಇನ್ನೂ ಎಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಾದರೆ ಸ್ಕ್ರೂ ಬೇಡ, ಟಾರ್ಚ್ ಹಿಡಿಯೋ ಕೆಲಸ ಕೊಡಿ. ಇನ್ನೊಂದು ವಿಷಯ ಮಾತ್ರ ತಮಾಷೆಯಲ್ಲ. ಕಾರಿನ ಕೀ, ಚಿಕ್ಕ ರಿಮೋಟು, ತೂಕದ ಯಂತ್ರಗಳಲ್ಲಿ ನಾಣ್ಯದ ಥರದ ಲಿಥಿಯಂ ಬ್ಯಾಟರಿ ಇರುತ್ತದೆ. ಅಂಥದ್ದೇ ಒಂದು ಬ್ಯಾಟರಿ, ಸಿಆರ್ 2032 ಅನ್ನೋದು, 20 ಮಿಲಿಮೀಟರ್ ಅಗಲ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆಲ್ಲ ಸುಟ್ಟ ಗಾಯ ಆಗಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ನೇರ ಆಸ್ಪತ್ರೆಗೆ ಓಡಿ. ಗ್ಯಾಜೆಟ್ ಜಾಸ್ತಿ ಇರುವ ಮನೆಯಲ್ಲಿ ಇಂಥ ಬ್ಯಾಟರಿಯೂ ಜಾಸ್ತಿ.

'ನನಗೆ ಅಂತ ಉಳಿಯೋದೇನು' ಅಂದಿರಲ್ಲ. ಮಗು ನೋಡಿಕೊಳ್ಳುತ್ತಾ ನೀವು ಕಳೆದುಹೋಗೋದಿಲ್ಲ, ಬದಲಾಗುತ್ತೀರಿ ಅಷ್ಟೇ. ಫಿಲಿಪೈನ್ಸ್‌ನ ಸೆಬುವಿನಲ್ಲಿ 624 ಯುವಕರನ್ನು ಕೆಲವು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಅಪ್ಪ ಆದವರಲ್ಲಿ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನ್ ಇಳಿದಿತ್ತು. ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುವವರಲ್ಲಿ, ಕೈಯೇ ಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು. ಗಂಡಸಿನ ಮೈ ಕೂಡ ಮಗು ಸಾಕೋಕೆ ಹೊಂದಿಕೊಳ್ಳುತ್ತದೆ ಅನ್ನೋದು ಸಂಶೋಧಕರ ಮಾತು. ಪ್ರೀತಿ ಮೊದಲು ಉಕ್ಕಬೇಕು, ಸ್ನಾನ ಮಾಡಿಸೋದು ಆಮೇಲೆ ಅಂದುಕೊಂಡಿದ್ದೆ. ನನಗಾಗಿದ್ದು ಉಲ್ಟಾ. ತಲೆಗೆ ನೀರು ಹುಯ್ದು ಹುಯ್ದು ಪ್ರೀತಿ ಬಂತು.

ಹಾಗಂತ ನಿಮ್ಮದೇ ಹೊತ್ತು ಬೇಡವೇ ಬೇಡ ಅಂತಲ್ಲ. ಬಾತ್‌ರೂಮಿನಲ್ಲಿ ಕದ್ದು ಫೋನ್ ನೋಡೋದಕ್ಕಿಂತ ವಾರಕ್ಕೆ ಎರಡು ಗಂಟೆ ಅಂತ ಹೆಂಡತಿಯನ್ನು ನೇರ ಕೇಳಿ. ಅದಕ್ಕೂ ಮೊದಲು ಅವರಿಗೆ ಎರಡು ಗಂಟೆ ಕೊಡಿ. ಅವರು ಕೊನೇ ಸಲ ಬಿಸಿ ಕಾಫಿ ಬಿಸಿಯಾಗೇ ಕುಡಿದದ್ದು ಯಾವಾಗ ಅಂತ ವಿಚಾರಿಸಿ ನೋಡಿ. ಯಾವುದರಲ್ಲೂ ಖುಷಿ ಸಿಗದೆ ವಾರಗಟ್ಟಲೆ ಮಂಕಾಗಿದ್ದರೆ ಮಾತ್ರ ಅದು ಗ್ಯಾಜೆಟ್ ಪ್ರಶ್ನೆ ಅಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಿಡೋಕೇ ಆಗದವರಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಷಟ್' ಕ್ಲಿನಿಕ್ ಇದೆ.

ಅಂದಹಾಗೆ, ಮಿಕ್ಸಿ ಜೋಡಿಸಿ ಮುಗಿಸಿದಾಗ ಬಟ್ಟಲಲ್ಲಿ ಒಂದು ಸ್ಕ್ರೂ ಉಳಿದಿತ್ತು. ಮಿಕ್ಸಿ ಓಡುತ್ತಿತ್ತು, ಹಾಗಾಗಿ ನಾನು ನೋಡಿಯೂ ನೋಡದ ಹಾಗಿದ್ದೆ. ಮ್ಯಾನೇಜರ್ ಒಪ್ಪಲಿಲ್ಲ. 'ಅಪ್ಪಾ, ಮತ್ತೆ ಬಿಚ್ಚೋಣ' ಅಂದಳು.