ಆಟಿಸಂ ಸಂಶೋಧನೆ: ಉತ್ತರ ಕೊಡುವವರು ಪ್ರಶ್ನೆ ಬರೆಯುವ ಹೊತ್ತು

ಹುಬ್ಬಳ್ಳಿ-ಧಾರವಾಡದ ವಿಶೇಷ ಶಾಲೆಗಳಿಗೆ, ಥೆರಪಿ ಕೇಂದ್ರಗಳಿಗೆ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಬರುವುದು ಹೊಸದಲ್ಲ. ಉತ್ತರ ಕೊಡುವವರು ಹೆಚ್ಚಾಗಿ ತಾಯಂದಿರು. ಯಾರ ಬಗ್ಗೆ ಅಧ್ಯಯನವೋ ಆ ಆಟಿಸಂ (ಮಾತು, ಬೆರೆಯುವಿಕೆ, ಸದ್ದು-ಸ್ಪರ್ಶದ ಅನುಭವ ಹುಟ್ಟಿನಿಂದಲೇ ಬೇರೆ ರೀತಿ ಇರುವ ಸ್ಥಿತಿ) ಇರುವವರು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಾರೆ.

1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ವಿವರ ಪ್ರಕಟಿಸಿದ ನಂತರದ ಅರ್ಧ ಶತಮಾನದಲ್ಲಿ ತಜ್ಞರು ಮೊದಲು ತಾಯಂದಿರನ್ನು ದೂರಿದರು, ಆಮೇಲೆ ಮಿದುಳನ್ನೂ ಜೀನನ್ನೂ ಜಾಲಾಡಿದರು. ಆಟಿಸಂ ಇದ್ದವರೇ ಸಂಘಟಿತರಾಗಿ ದನಿ ಎತ್ತಿದ್ದು ತೊಂಬತ್ತರ ದಶಕದಲ್ಲಿ. ಅವರು ಸಂಶೋಧನೆಯ ಒಳಗೂ ಕಾಲಿಟ್ಟ ಮೇಲೆ ಫಲಿತಾಂಶವೇ ಬದಲಾಯಿತು. ಸ್ವತಃ ಆಟಿಸಂ ಇರುವ ಮಿಶೆಲ್ ಡಾಸನ್ ಕೆನಡಾದ ಮಾಂಟ್ರಿಯಲ್‌ನ ತಂಡದೊಂದಿಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳು ಮಾತಿನ ಪ್ರಶ್ನೆಗಳೂ ಇರುವ ವೆಕ್ಸ್ಲರ್ ಬುದ್ಧಿಮತ್ತೆ ಪರೀಕ್ಷೆಗಿಂತ ಚಿತ್ರವಿನ್ಯಾಸ ಹೊಂದಿಸುವ ರೇವನ್ಸ್ ಪರೀಕ್ಷೆಯಲ್ಲಿ ಸರಾಸರಿ 30 ಪರ್ಸೆಂಟೈಲ್ (ನೂರರ ಕ್ರಮಾಂಕದಲ್ಲಿ 30 ಸ್ಥಾನ) ಮೇಲೇರಿದ್ದರು. ಮಕ್ಕಳು ಅವರೇ, ಅಳತೆಗೋಲು ಬೇರೆ.

ಇಷ್ಟಾದರೂ ಹಳೆಯ ಚಾಳಿ ಹೋಗಿಲ್ಲ. 2021ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹಿಸುವ ಯೋಜನೆ ಶುರುವಾಯಿತು. ಆ ಮಾಹಿತಿ ಮುಂದೆ ಯಾರ ಕೈ ಸೇರುತ್ತದೆ ಎಂದು ಆಟಿಸಂ ಸಮುದಾಯ ಕೇಳಿತು, ತಿಂಗಳೊಪ್ಪತ್ತಿನಲ್ಲಿ ಯೋಜನೆಗೆ ತಡೆ ಬಿತ್ತು.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಂ ಇನ್ನೂ ಮುಂದೆ ಹೋಗಿ, ವಿಕಲಚೇತನರ ಮೇಲೆ ಸಂಶೋಧನೆ ನಡೆಸಲು ಅರ್ಥವಾಗುವ ರೀತಿಯಲ್ಲಿ ಪಡೆದ ಒಪ್ಪಿಗೆಯ ಜೊತೆಗೆ ಸಂಶೋಧನಾ ಸಮಿತಿಯೊಂದರ ಅನುಮತಿಯೂ ಬೇಕು ಎಂದಿತು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ವಿಕಲಚೇತನರು ಅಥವಾ ನೋಂದಾಯಿತ ಸಂಸ್ಥೆಗಳ ಸದಸ್ಯರು ಇರಬೇಕು. ಪಾಲಕರ ಸಂಘವೂ ನೋಂದಾಯಿತ ಸಂಸ್ಥೆಯೇ. ಹೀಗಾಗಿ ಆಟಿಸಂ ಇರುವ ಒಬ್ಬರೂ ಇಲ್ಲದೆ ಸಮಿತಿ ಕಾನೂನುಬದ್ಧವಾಗಿ ಭರ್ತಿಯಾಗಬಹುದು. ಮಾತಾಡದ ಮಗನ ಪರ ಮತ್ಯಾರು ಮಾತಾಡಬೇಕು ಎಂಬ ಪಾಲಕರ ಪ್ರಶ್ನೆ ಖರೇನೇ ಇದೆ. ಆದರೆ ಟೈಪ್ ಮಾಡಿ, ಚಿತ್ರ ತೋರಿಸಿ ಹೇಳಬಲ್ಲವರನ್ನೂ ಅದೇ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಪ್ರಶ್ನಾವಳಿಯನ್ನೇ ತಗೊಳ್ಳಿ. 'ಬಸ್ ಪ್ರಯಾಣ ನಿಮಗೆ ಆಗಾಗ ಕಷ್ಟವಾಗುತ್ತದೆಯೇ?' ಎಂದರೆ ಆಟಿಸಂ ಇರುವ ಅನೇಕರು ಅಲ್ಲೇ ತಡೆದು ನಿಲ್ಲುತ್ತಾರೆ. ಯಾವ ಬಸ್ಸು? ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಬಸ್ಸಾದ ಚಿಗರಿಯಲ್ಲಿ ಟಿಕೆಟ್ ನಿಲ್ದಾಣದಲ್ಲೇ ಸಿಗುತ್ತದೆ, ಕಂಡಕ್ಟರ್ ಜೊತೆ ಮಾತಿಲ್ಲ, ಆದರೆ ಘೋಷಣೆಯ ಸದ್ದು ತಪ್ಪದು. ಗದಗಿನ ಕೆಂಪು ಬಸ್ಸಿನಲ್ಲಿ ನೂಕುನುಗ್ಗಲು, ಚಿಲ್ಲರೆಯ ತಕರಾರು. ಆಗಾಗ ಅಂದರೆ ಎಷ್ಟು ಸಲ? ಅದನ್ನೇ 'ಕಳೆದ 7 ದಿನಗಳಲ್ಲಿ ಸದ್ದಿನ ಕಾರಣಕ್ಕೆ ಎಷ್ಟು ದಿನ ಬಸ್ ಹತ್ತಲಿಲ್ಲ?' ಎಂದು ಒಡೆದು 0, 1–2, 3–5, 6–7 ಎಂದು ಆಯ್ಕೆ ಕೊಟ್ಟರೆ ಉತ್ತರ ಬರುತ್ತದೆ. ನೂಕಾಟಕ್ಕೆ, ಮಾತಿಗೆ ಬೇರೆ ಬೇರೆ ಪ್ರಶ್ನೆ. ತಾಯಿಯನ್ನು ಕೇಳಿದರೆ ಇದು ಹೊರಬೀಳುವುದು ಕಷ್ಟ; ಅವರ ಕಣ್ಣಿಗೆ ಬಿದ್ದಿದ್ದು ನಿಲ್ದಾಣದಲ್ಲಿ ಮಾಡಿದ ಹಠವಷ್ಟೇ.

ಅಮೆರಿಕದಲ್ಲಿ 2006ರಿಂದ ಆಟಿಸಂ ಇರುವವರೂ ವಿಜ್ಞಾನಿಗಳೂ ಸರಿಸಮವಾಗಿ ನಡೆಸುತ್ತಿರುವ ಆಸ್ಪೈರ್ ತಂಡ ಪ್ರಶ್ನೆಗಳನ್ನು ಹೀಗೇ ತಿದ್ದುತ್ತದೆ. ಸಭೆಗಳು ಬಹುಪಾಲು ಬರವಣಿಗೆಯಲ್ಲೇ, ಚಾಟ್‌ನಲ್ಲಿ ನಡೆಯುತ್ತವೆ. ಇಲ್ಲಿ ಅದಕ್ಕೆ ವಾಟ್ಸ್ಆ್ಯಪ್ ಗುಂಪು ಸಾಕು. ಚರ್ಚೆಯ ವಿಷಯ ವಾರ ಮೊದಲೇ ಕಳಿಸಬೇಕು, ಸಂದೇಶದ ಮೊದಲ ಸಾಲಲ್ಲೇ ಏನು ಮಾಡಬೇಕು, ಯಾವಾಗಿನೊಳಗೆ ಎಂದಿರಬೇಕು. ಮುಖಾಮುಖಿಯೇ ಆದರೆ ಕೋಣೆಯ ಫೋಟೋ ಮುಂಚೆ ಕಳಿಸಿ, ಗುಂಯ್‌ಗುಡುವ ಟ್ಯೂಬ್‌ಲೈಟ್ ಆರಿಸಿ. ಆಟಿಸಂ ಇರುವ ಒಬ್ಬರನ್ನೇ ಕರೆದರೆ ಅದು ತೋರಿಕೆ, ಕನಿಷ್ಠ ಇಬ್ಬರಿರಲಿ.

ಬಹುತೇಕ ಯೋಜನೆಗಳು ಎಡವುವುದು ಬಜೆಟ್ಟಿನಲ್ಲಿ. ಹೀಗೆ ಜೊತೆಗೂಡುವ ಆಟಿಸಂ ಇರುವ ಸಹಸಂಶೋಧಕರ ಗೌರವಧನಕ್ಕೆ ಅನುದಾನದ ಅರ್ಜಿಯಲ್ಲೇ ಪ್ರತ್ಯೇಕ ಖರ್ಚಿನ ಬಾಬತ್ತು ಇಡದಿದ್ದರೆ, ಅನುದಾನ ಮಂಜೂರಾದ ಮೇಲೆ ಸೇರಿಸಲು ಭಾಳ ತ್ರಾಸು. ಆಮೇಲೆ ಹಾವೇರಿಯಿಂದ ಬಂದವರಿಗೆ ಬಸ್ ಚಾರ್ಜು, ಒಂದು ಚಹಾ, ಒಂದು ಪ್ರಮಾಣಪತ್ರ. ದುಡ್ಡು ಇದ್ದಾಗಲೂ ಅದು ಪಾಲಕರ ಖಾತೆಗೆ ಹೋಗುತ್ತದೆ. ಸಹಸಂಶೋಧಕರದೇ ಹೆಸರಿನ ಖಾತೆ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಕೊನೆಯ ತೊಡಕು ಲೇಖಕರ ಪಟ್ಟಿ. ವೈದ್ಯಕೀಯ ಪತ್ರಿಕೆಗಳ ನಿಯಮದಂತೆ ಕರಡು ಬರೆದವರು ಅಥವಾ ಗಂಭೀರವಾಗಿ ತಿದ್ದಿದವರಷ್ಟೇ ಲೇಖಕರು. ಇಂಗ್ಲಿಷ್ ಕರಡು ಕಳಿಸಿ ಮೂರು ದಿನದಲ್ಲಿ ಉತ್ತರ ಕೇಳಿದರೆ ಆಟಿಸಂ ಇರುವ ಸಹಸಂಶೋಧಕರ ಹೆಸರು ಕೃತಜ್ಞತೆಯ ಸಾಲಿಗೆ ಜಾರುತ್ತದೆ. ಕನ್ನಡದ ಸಾರಾಂಶ, ಮೂರು ವಾರದ ಸಮಯ, ಪ್ರತಿ ಪ್ಯಾರಾದ ಕೆಳಗೆ ಒಪ್ಪಿಗೆ ಅಥವಾ ತಕರಾರು ಬರೆಯಲು ಜಾಗ: ಇಷ್ಟು ಇದ್ದರೆ ಹೆಸರು ಮೇಲೆಯೇ ಉಳಿಯುತ್ತದೆ.