ಕ್ವಾಂಟಮ್ ಯಂತ್ರದೊಳಗಿನ ಒಂದು ಸ್ಕ್ರೂ

ಪರಮಾಣು ಮಟ್ಟದ ನಿಯಮಗಳಿಂದ ನಡೆಯುವ ಕಂಪ್ಯೂಟರ್, ಗಡಿಯಾರಗಳಂಥ ಯಂತ್ರಗಳನ್ನು ಕಟ್ಟುವ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿ ಮಂಜೂರು ಮಾಡಿದಾಗ, ತುಮಕೂರಿನ ಅಂತರಸನಹಳ್ಳಿಯಲ್ಲಿ ಲೇತ್ ನಡೆಸುವ ನನಗೆ ಅದು ವಿಜ್ಞಾನಿಗಳಿಗೆ ಬಿಟ್ಟ ವಿಷಯ ಎನಿಸಿತ್ತು. ಬೆಂಗಳೂರಿನ ಕ್ವಾಂಟಮ್ ಪ್ರಯೋಗಾಲಯವೊಂದಕ್ಕೆ ನಿರ್ವಾತ ಕೋಣೆಯ ಬಿಡಿಭಾಗಗಳನ್ನು ಮಾಡಿಕೊಡಲು ಆರಂಭಿಸಿದ ಮೇಲೆ ಆ ಅಭಿಪ್ರಾಯ ಬದಲಾಗಿದೆ.

ಲೇಸರ್ ಬೆಳಕಿನಿಂದ ತಣಿಸಿದ ಪರಮಾಣುಗಳನ್ನು ಹಿಡಿದಿಟ್ಟು ಅಳತೆ ಮಾಡಬೇಕಾದರೆ ಗಾಳಿಯ ಅಣುಗಳು ಅವುಗಳಿಗೆ ಡಿಕ್ಕಿ ಹೊಡೆಯಬಾರದು. ಆದ್ದರಿಂದ ಕೋಣೆಯೊಳಗಿನ ಒತ್ತಡವನ್ನು ಹೊರಗಿನ ಒತ್ತಡದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಸುತ್ತಾರೆ. ಅಲ್ಲಿ ಬೆರಳಿನ ಜಿಡ್ಡು ಕೂಡ ದೋಷವೇ. ನಾವು ಕಳುಹಿಸಿದ ಮೊದಲ ಜೋಡಣೆಯಲ್ಲಿ ಹೊರಗಿನಿಂದ ಹೀಲಿಯಂ ಊದಿ ಪರೀಕ್ಷಿಸಿದರೆ ಎಲ್ಲಿಯೂ ಸೋರಿಕೆ ಕಾಣಲಿಲ್ಲ, ಆದರೆ ಒತ್ತಡ ಮಾತ್ರ ದಿನಗಟ್ಟಲೆ ಇಳಿಯಲೇ ಇಲ್ಲ. ತಪ್ಪು ನಮ್ಮದೇ ಆಗಿತ್ತು. ತಳ ಮುಚ್ಚಿದ ರಂಧ್ರಕ್ಕೆ ಸ್ಕ್ರೂ ತಿರುಗಿಸಿದಾಗ ಅದರ ತುದಿಯ ಕೆಳಗೆ ಸಿಕ್ಕಿಬಿದ್ದ ಚೂರು ಗಾಳಿಯು ಸ್ಕ್ರೂವಿನ ಸುತ್ತುಗಳ (ಥ್ರೆಡ್) ಸಂದಿನಿಂದ ನಿಧಾನವಾಗಿ ಒಳಕ್ಕೆ ಜಿನುಗುತ್ತಿತ್ತು. ಆ ಗಾಳಿ ಬೇಗ ಹೊರಬರಲೆಂದು ಸ್ಕ್ರೂವಿನ ಉದ್ದಕ್ಕೂ ಸಣ್ಣದೊಂದು ತೂತು ಕೊರೆದ ಮೇಲೆ ಸಮಸ್ಯೆ ತೀರಿತು. ನಾಲ್ಕು ಮಿಲಿಮೀಟರ್ ಸ್ಕ್ರೂವಿನ ನಡುವೆ ಡ್ರಿಲ್ ಮುರಿಯದಂತೆ ನೇರವಾಗಿ ಕೊರೆಯುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಕೊರೆದವರೇ ಬಲ್ಲರು.

ಆ ಕೆಲಸ ಮಾಡಿದವರು ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಪಳಗಿದ ಹಿರಿಯ ಫಿಟ್ಟರ್. ಕೈಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದನ್ನೇ 1967ರಿಂದ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳಿಂದ ನಿರ್ಧರಿಸಲಾಗಿದೆ. ಹೀಗೆ ಪರಮಾಣುವಿನ ಕಂಪನದಿಂದ ಸಮಯ ಅಳೆಯುವ ಪರಮಾಣು ಗಡಿಯಾರಗಳ ತಯಾರಿಕೆಯೂ ಮಿಷನ್ನಿನ ಗುರಿಗಳಲ್ಲಿ ಒಂದಾಗಿರುವುದರಿಂದ, ಸಣ್ಣ ಭಾಗಗಳನ್ನು ಕೂರಿಸುವುದರಲ್ಲಿ ನುರಿತ ಇಂಥ ಕೈಗಳು ನಿವೃತ್ತಿಯಾಗುವ ಮೊದಲೇ ಹುಡುಗರಿಗೆ ಕಲಿಸಬೇಕೆಂಬ ಅವಸರ ನನ್ನದು.

ಮಿಷನ್ನಿನ ನಾಲ್ಕು ಕೇಂದ್ರಗಳ ಪೈಕಿ ಕಂಪ್ಯೂಟಿಂಗ್ ವಿಭಾಗವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅದೂ ನಮ್ಮ ತುಮಕೂರು ರಸ್ತೆಯ ಕಡೆಗೇ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ (ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಮೂಲ ಘಟಕಗಳ) ಯಂತ್ರ ಕಟ್ಟಬೇಕೆಂಬುದು ಗುರಿ. ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯುವ) ಕ್ಯೂಬಿಟ್‌ಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿನ ತಾಪಮಾನದಲ್ಲಿ ಇಡುವ ಶೀತಕ ಯಂತ್ರದೊಳಗೆ, ಚಿನ್ನದ ಲೇಪವಿರುವ ತಾಮ್ರದ ತಟ್ಟೆಗಳು ಅಂತಸ್ತು ಅಂತಸ್ತಾಗಿ ತೂಗುತ್ತವೆ. ಆ ತಾಮ್ರ ಮೆತ್ತಗಿದ್ದು ಉಳಿಗೆ ಅಂಟಿಕೊಳ್ಳುವುದರಿಂದ, ಅದನ್ನು ಸಮತಟ್ಟಾಗಿ ಕೆತ್ತುವುದು ಸುಲಭವಲ್ಲ. ಆದರೂ ಅದು ಲೇತ್ ಮತ್ತು ಮಿಲ್ಲಿಂಗ್ ಗೊತ್ತಿರುವವರಿಗೆ ಅಸಾಧ್ಯವಾದ ಕೆಲಸವೇನಲ್ಲ.

ನಿಜವಾದ ತೊಡಕು ವ್ಯವಹಾರದಲ್ಲಿದೆ. ಸಂಶೋಧಕರು ಕೇಳುವುದು ಎರಡು ಅಥವಾ ಮೂರು ಬಿಡಿಭಾಗ. ಮೊದಲನೆಯದನ್ನು ನೋಡಿದ ಮೇಲೆ ಡ್ರಾಯಿಂಗ್ ಬದಲಾಗುತ್ತದೆ, ಹಣ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿರುತ್ತದೆ. ಅತಿ ಕಡಿಮೆ ದರದ ಟೆಂಡರ್ ಪದ್ಧತಿಯಲ್ಲಿ, ಕೆಟ್ಟುಹೋದ ಮೊದಲ ತುಂಡಿನ ಖರ್ಚನ್ನು ಎಲ್ಲಿ ಬರೆಯಬೇಕು? ಹೀಲಿಯಂ ಸೋರಿಕೆ ಪತ್ತೆ ಯಂತ್ರವೊಂದನ್ನು ನಮ್ಮಂಥ ಸಣ್ಣ ಘಟಕಗಳೆಲ್ಲ ಬಾಡಿಗೆ ಕೊಟ್ಟು ಬಳಸುವಂತೆ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಇರಿಸಿದರೂ ಸಾಕಷ್ಟು ಅನುಕೂಲವಾಗುತ್ತದೆ. ಸದ್ಯಕ್ಕೆ ಪ್ರತಿ ಫ್ಲೇಂಜನ್ನೂ (ಕೋಣೆಯ ಭಾಗಗಳನ್ನು ಬೆಸೆಯುವ ಚಪ್ಪಟೆ ಬಳೆ) ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋಗುತ್ತೇವೆ; ಸೋರಿದರೆ ಅದೇ ಸಂಜೆ ಅದನ್ನು ಹೊತ್ತು ಮರಳುತ್ತೇವೆ.